ವೀರಗಲ್ಲಿನ ವಿಮಾನ ಮತ್ತು ಹೆಲಿಕಾಪ್ಟರ್ ಚಾಲಕನ ಸಾಹಸ: ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಜನಪದ ವೀರಕಲ್ಪನೆಯ ಹಿನ್ನೆಲೆಯಲ್ಲಿ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲೂಕುಗಳು ಅಮರ್ಜಾ ಹಾಗೂ ಭೀಮಾ ನದಿಗಳ ಸೀಮೆಗೆ ಸೇರಿದವು. ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಲ್ಲಿ ಕಾಣುವ ಆಳಂದೆ ಸಾಸಿರ ಎಂಬ ಆಡಳಿತ ವಿಭಾಗ ಈ ಪ್ರದೇಶದ ಪ್ರಾಚೀನತೆಯನ್ನು ಸೂಚಿಸುತ್ತದೆ. ರಾಷ್ಟ್ರಕೂಟ, ಚಾಲುಕ್ಯ, ಬಹಮನಿ, ಆದಿಲಶಾಹಿ, ನಿಜಾಮಶಾಹಿ ಎಂದು ಒಂದರ ಮೇಲೊಂದು ಆಳ್ವಿಕೆ ಕಂಡ ಈ ನೆಲಕ್ಕೆ ಯುದ್ಧವು ಹೊಸದಲ್ಲ. ಆದುದರಿಂದ ವೀರನೆಂದರೆ ಯಾರು ಎಂಬ ಪ್ರಶ್ನೆಗೆ ಇಲ್ಲಿನ ಜನಪದರು ತಮ್ಮದೇ ಉತ್ತರವನ್ನು ಕಲ್ಲಿನಲ್ಲಿಯೂ ಹಾಡಿನಲ್ಲಿಯೂ ಕಾಯ್ದಿರಿಸಿಕೊಂಡು ಬಂದಿದ್ದಾರೆ. ಆಧುನಿಕ ಯುದ್ಧವು ತಂದ ಒಂದು ಹೊಸ ಬಗೆಯ ವೀರನನ್ನು, ಅಂದರೆ ಕೊಲ್ಲುವುದಕ್ಕಲ್ಲದೆ ಎತ್ತಿ ತರುವುದಕ್ಕೆ ಯುದ್ಧಭೂಮಿಗೆ ಇಳಿಯುವ ಹೆಲಿಕಾಪ್ಟರ್ ಚಾಲಕನನ್ನು, ಈ ಉತ್ತರದ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಕರ್ನಾಟಕದ ವೀರಗಲ್ಲುಗಳ ರಚನೆ ವಿದ್ವಾಂಸರಿಗೆ ಸುಪರಿಚಿತವಾದದ್ದು. ಆರ್. ಶೇಷಶಾಸ್ತ್ರಿಯವರ 'ಕರ್ನಾಟಕದ ವೀರಗಲ್ಲುಗಳು' ಕೃತಿಯೂ, ಎಸ್. ಶೆಟ್ಟರ್ ಮತ್ತು ಗುಂಥರ್ ಸೋಂಥೈಮರ್ ಅವರು 1982ರಲ್ಲಿ ಸಂಪಾದಿಸಿದ ಸ್ಮಾರಕಶಿಲೆಗಳ ಗ್ರಂಥವೂ ಈ ವಿಷಯವನ್ನು ವಿಸ್ತಾರವಾಗಿ ಚರ್ಚಿಸಿವೆ. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವಿನದರಲ್ಲಿ ದೇವಕನ್ಯೆಯರು ವೀರನನ್ನು ಕೊಂಡೊಯ್ಯುವ ದೃಶ್ಯ, ಮೇಲಿನದರಲ್ಲಿ ಲಿಂಗಪೂಜೆ, ಅದರ ಮೇಲೆ ಸೂರ್ಯಚಂದ್ರರು. ನಡುವಿನ ಪಟ್ಟಿಕೆಯಲ್ಲಿ ಎಷ್ಟೋ ಕಡೆ ಒಂದು ವಿಮಾನವಿರುತ್ತದೆ. ನೆಲದ ಮೇಲೆ ಬಿದ್ದವನನ್ನು ಆಕಾಶದಿಂದ ಇಳಿದ ವಾಹನವು ಎತ್ತಿಕೊಳ್ಳುತ್ತದೆ ಎಂಬ ಕಲ್ಪನೆ ಕನ್ನಡ ನಾಡಿನ ಶಿಲ್ಪಿಗೆ ಸಾವಿರ ವರ್ಷಗಳ ಹಿಂದೆಯೇ ಸಹಜವಾಗಿತ್ತು. ಆದರೆ ಆ ವಿಮಾನ ಏರಬೇಕಾದರೆ ವೀರನು ಸತ್ತಿರಬೇಕು. ಬದುಕಿದ್ದವನಿಗೆ ಅದರಲ್ಲಿ ಸ್ಥಳವಿಲ್ಲ.

ಇನ್ನು ವೀರಗಲ್ಲಿನ ಶಾಸನಗಳು ಸಾವಿಗೆ ಕೊಡುವ ಕಾರಣಗಳನ್ನು ನೋಡಬೇಕು. ತುಱುಗೋಳ್, ಪೆಣ್ಬುಯ್ಯಲ್, ಊರಳಿವು ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಹಿಡಿದೊಯ್ದ ದನಗಳನ್ನು ಬಿಡಿಸಿ ತಂದವನು, ಹೆಂಗಸರ ಮೊರೆ ಕೇಳಿ ಓಡಿದವನು, ಊರು ಸುಡುವಾಗ ಅಡ್ಡ ನಿಂತವನು ವೀರನೆನಿಸಿಕೊಂಡಿದ್ದಾನೆ. ರಾಜ್ಯ ವಿಸ್ತರಣೆಯ ಸಮರಗಳಲ್ಲಿ ಮಡಿದವರಿಗೂ ಕಲ್ಲುಗಳಿವೆ ಎಂಬುದು ನಿಜ. ದನ ಹಿಡಿಯಲು ಹೋಗಿ ಸತ್ತವರನ್ನೂ ಅವರ ಊರವರು ವೀರರೆಂದೇ ನೆನೆದಿದ್ದಾರೆ. ಆದುದರಿಂದ ವೀರಗಲ್ಲನ್ನು ಕರುಣೆಯ ಸ್ಮಾರಕವೆಂದು ಮಾತ್ರ ಬಣ್ಣಿಸುವುದು ಉತ್ಪ್ರೇಕ್ಷೆಯಾದೀತು. ಆದರೂ ಊರಿನ ಮಟ್ಟದಲ್ಲಿ ವೀರತ್ವದ ಮುಖ್ಯ ಕಾರಣ ರಕ್ಷಣೆಯೇ ಆಗಿತ್ತೆಂಬುದು ಗಮನಾರ್ಹ. ಆತಕೂರಿನ ಶಾಸನದಲ್ಲಿ ಹಂದಿಯೊಡನೆ ಹೋರಾಡಿ ಮಡಿದ ಕಾಳಿ ಎಂಬ ನಾಯಿಗೂ ಸ್ಮಾರಕ ದೊರೆತಿದೆ. ಹೀಗಿದ್ದೂ, ಕಾಪಾಡಿ ತಾನೂ ಬದುಕಿ ಮನೆಗೆ ಮರಳಿದ ಮನುಷ್ಯನಿಗೆ ಕಲ್ಲು ನಿಲ್ಲಿಸುವ ವಾಡಿಕೆ ಬೆಳೆಯಲಿಲ್ಲ.

ಕಲ್ಲು ಬಿಟ್ಟ ಜಾಗವನ್ನು ಹಾಡು ಸ್ವಲ್ಪಮಟ್ಟಿಗೆ ತುಂಬಿದೆ. ಈ ಸೀಮೆಯಲ್ಲಿ ಮೊಹರಂ ಹಿಂದೂ ಮುಸಲ್ಮಾನರಿಬ್ಬರ ಹಬ್ಬವಾಗಿ ಬೆಳೆದುಬಂದಿದ್ದು, ಅಲಾಯಿ ಕುಣಿಯ ಸುತ್ತ ಹಾಡುವ ಕನ್ನಡದ ರಿವಾಯತ ಪದಗಳಿಗೆ ಕರ್ಬಲಾದ ಕಥೆಯೇ ಆಧಾರ. ಕ್ರಿ.ಶ. 680ರ ಆ ಕಾಳಗದ ಕಥನದಲ್ಲಿ ಧ್ವಜಧಾರಿ ಅಬ್ಬಾಸನ ಪ್ರಸಂಗ ವಿಶಿಷ್ಟವಾದದ್ದು. ಆತ ಹೊರಟಿದ್ದು ಶತ್ರುವಿನ ತಲೆ ತರಲಿಕ್ಕಲ್ಲ, ಬಾಯಾರಿದ ಮಕ್ಕಳಿಗೆ ಯೂಫ್ರೆಟಿಸ್ ನದಿಯಿಂದ ಒಂದು ತೊಗಲ ಚೀಲದಷ್ಟು ನೀರು ತರಲಿಕ್ಕೆ. ಎರಡು ತೋಳು ಕಡಿದರೂ ಚೀಲ ಬಿಡಲಿಲ್ಲವೆಂದು ಕಥೆ ಹೇಳುತ್ತದೆ. ಬರಗಾಲಕ್ಕೆ ಹೆಸರಾದ ಈ ಸೀಮೆಯ ಜನ ಆ ಪ್ರಸಂಗವನ್ನು ತಮ್ಮದಾಗಿಸಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಯುದ್ಧದ ನಡುವೆ, ಯುದ್ಧ ಮಾಡದೆ, ಇನ್ನೊಬ್ಬರ ಜೀವಕ್ಕಾಗಿ ಹೋಗುವವನ ಚಿತ್ರ ಇಲ್ಲಿನ ಜನಮನಕ್ಕೆ ಅಪರಿಚಿತವಲ್ಲ ಎಂಬುದಕ್ಕೆ ಇದು ಸಾಕ್ಷಿ.

ಹೆಲಿಕಾಪ್ಟರ್ ಎಂಬ ಯಂತ್ರವು ಯುದ್ಧಭೂಮಿಯಿಂದ ಮನುಷ್ಯನನ್ನು ಮೊದಲು ಎತ್ತಿ ತಂದದ್ದು 1944ರ ಏಪ್ರಿಲ್‌ನಲ್ಲಿ, ಬರ್ಮಾದ ಕಾಡಿನಲ್ಲಿ. ಆ ಹಾರಾಟ ಹೊರಟದ್ದು ಭಾರತದ ನೆಲದಿಂದ ಎಂಬ ಸಂಗತಿ ನಮ್ಮಲ್ಲಿ ಅಷ್ಟಾಗಿ ಪ್ರಚಾರ ಪಡೆದಿಲ್ಲ. ಅಸ್ಸಾಮಿನ ಸಿಲ್ಚಾರ್ ಹತ್ತಿರದ ಲಾಲಾಘಾಟ್‌ನಲ್ಲಿ ಅಮೆರಿಕದ ಮೊದಲನೆಯ ಏರ್ ಕಮಾಂಡೊ ದಳ ಬೀಡುಬಿಟ್ಟಿತ್ತು. ಬರ್ಮಾದಲ್ಲಿ ಜಪಾನೀ ಸೇನೆಯ ಬೆನ್ನ ಹಿಂದೆ ಸೇರಿಕೊಂಡು ಕಾದುತ್ತಿದ್ದ ಚಿಂಡಿಟ್ ಪಡೆಗಳಿಗೆ ಆಹಾರ, ಮದ್ದು ಒದಗಿಸುವುದು, ಅವರ ಗಾಯಾಳುಗಳನ್ನು ಹೊರತರುವುದು ಈ ದಳದ ಕೆಲಸ. ಇದೇ ತಿಂಗಳಲ್ಲಿ ಕೊಹಿಮಾ ಮತ್ತು ಇಂಫಾಲಗಳು ಮುತ್ತಿಗೆಯಲ್ಲಿದ್ದವು. ದಳದ ಜೊತೆ ಸಿಕೋರ್ಸ್ಕಿ ಕಂಪನಿಯ ವೈಆರ್-4 ಮಾದರಿಯ ಕೆಲವೇ ಹೆಲಿಕಾಪ್ಟರುಗಳು ಬಂದಿದ್ದವು. ಚಾಲಕನನ್ನು ಬಿಟ್ಟರೆ ಇನ್ನೊಬ್ಬ ಮನುಷ್ಯನಿಗೆ ಮಾತ್ರ ಸ್ಥಳ. ಎಂಜಿನ್ನಿನ ಶಕ್ತಿ ಇನ್ನೂರು ಅಶ್ವಶಕ್ತಿಯನ್ನು ಮೀರದು. ಬಿಸಿಲು, ತೇವ, ಎತ್ತರ ಮೂರೂ ಕೂಡಿದ ಬರ್ಮಾದ ಗಾಳಿಯಲ್ಲಿ ಅದು ಏಳುವುದೇ ಕಷ್ಟವಾಗಿತ್ತು.

ಏಪ್ರಿಲ್ 21ರಂದು ಎಡ್ ಹ್ಲಾಡೊವ್ಚಾಕ್ ಎಂಬ ಸಾರ್ಜೆಂಟ್ ಚಾಲಕನು ಮೂವರು ಬ್ರಿಟಿಷ್ ಗಾಯಾಳುಗಳನ್ನು ಹೊತ್ತು ತರುತ್ತಿದ್ದಾಗ ಅವನ ಸಣ್ಣ ವಿಮಾನ ಜಪಾನೀಯರ ಹಿಡಿತದಲ್ಲಿದ್ದ ಪ್ರದೇಶದಲ್ಲಿ ಕೆಳಗಿಳಿಯಬೇಕಾಯಿತು. ನಾಲ್ವರೂ ಬದುಕಿ ಕಾಡಿನಲ್ಲಿ ಅಡಗಿದರು. ಮೇಲಿನಿಂದ ಅವರನ್ನು ಗುರುತಿಸಿದ ವಿಮಾನಗಳು ಚೀಟಿ ಹಾಕಬಲ್ಲವಾಗಿದ್ದವೇ ವಿನಾ ಇಳಿಯಲು ಅಲ್ಲಿ ಜಾಗವಿರಲಿಲ್ಲ. ಆಗ ಕರೆ ಬಂದದ್ದು ಲೆಫ್ಟಿನೆಂಟ್ ಕಾರ್ಟರ್ ಹಾರ್ಮನ್‌ಗೆ. ಲಾಲಾಘಾಟ್‌ನಿಂದ ಹೊರಟ ಅವನು ದಾರಿಯಲ್ಲಿ ಮತ್ತೆ ಮತ್ತೆ ಇಂಧನ ತುಂಬಿಸಿಕೊಳ್ಳುತ್ತ, ಯಂತ್ರಕ್ಕೆ ಹೇಳಿಸಿದ್ದಲ್ಲದ ಬೆಟ್ಟಸಾಲನ್ನು ದಾಟಿ, ಚಿಂಡಿಟ್ಟರ 'ಅಬರ್ಡೀನ್' ನೆಲೆಯನ್ನು ಮುಟ್ಟಿದ.

ಏಪ್ರಿಲ್ 25ರಂದು ಅವನು ಮಾಡಿದ ಕೆಲಸ ನಮ್ಮ ಅಂಬಿಗನ ಕೆಲಸವನ್ನೇ ಹೋಲುತ್ತದೆ. ಒಂದು ಸಲಕ್ಕೆ ಒಬ್ಬನನ್ನು ಕೂರಿಸಿಕೊಂಡು, ಸಣ್ಣ ವಿಮಾನಗಳು ಇಳಿಯಬಹುದಾದ ಹೊಳೆಯ ಮರಳ ದಿನ್ನೆಯವರೆಗೆ ತಂದು ಬಿಟ್ಟು, ಮತ್ತೆ ಹೋಗುವುದು. ಎರಡು ಸರದಿ ಮುಗಿಯುವಷ್ಟರಲ್ಲಿ ಎಂಜಿನ್ ಕಾದು ನಿಂತಿತು. ರಾತ್ರಿ ಆ ಮರಳಿನ ಮೇಲೆಯೇ ಕಳೆಯಬೇಕಾಯಿತು. ಮರುದಿನ ಮೂರನೆಯವನನ್ನು ತಂದ. ಕೊನೆಯಲ್ಲಿ ಹ್ಲಾಡೊವ್ಚಾಕ್ ಏರುವಾಗ ಕಾಡಿನಿಂದ ಸೈನಿಕರು ಓಡಿಬರುವುದು ಕಂಡು, ಜಪಾನೀಯರೇ ಎಂದು ತಿಳಿದು, ಯಂತ್ರ ತಡೆಯಬಲ್ಲಷ್ಟು ವೇಗದಿಂದ ಮೇಲೆದ್ದ. ಅವರು ನೆಲದ ಹಾದಿಯಿಂದ ಹುಡುಕಿ ಬಂದ ತಮ್ಮವರೇ ಎಂದು ಆಮೇಲೆ ತಿಳಿಯಿತು. ಹಾರ್ಮನ್ ಮೂಲತಃ ಸಂಗೀತಗಾರ. ಯುದ್ಧದ ಮುಂಚೆ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಸಂಗೀತರಚನೆ ಕಲಿತವನು, ಯುದ್ಧ ಮುಗಿದ ಮೇಲೆ ನ್ಯೂಯಾರ್ಕಿನ ಪತ್ರಿಕೆಗಳಲ್ಲಿ ಸಂಗೀತ ವಿಮರ್ಶಕನಾದ. 2007ರಲ್ಲಿ ತೀರಿಕೊಂಡ. ಅವನ ಕೈಯಿಂದ ನಾಲ್ಕು ಜೀವ ಉಳಿದವು. ಕೊಹಿಮಾದಲ್ಲಿ ಸಾವಿರಾರು ಜನ ಸತ್ತ ಕಾಲದಲ್ಲಿ ನಾಲ್ಕು ಎಂಬುದು ಚರಿತ್ರೆಕಾರರ ಕಣ್ಣಿಗೆ ಸಣ್ಣ ಸಂಖ್ಯೆ. ತುಱುಗೋಳಿನಲ್ಲಿ ಬಿಡಿಸಿ ತಂದ ದನಗಳ ಸಂಖ್ಯೆಯೂ ಸಣ್ಣದೇ.

ಸ್ವತಂತ್ರ ಭಾರತದ ವಾಯುಸೇನೆಗೆ ಹೆಲಿಕಾಪ್ಟರ್ ಬಂದದ್ದು 1954ರಲ್ಲಿ. ಫ್ರೆಂಚ್ ವಿನ್ಯಾಸದ ಚೇತಕ್ 1960ರ ದಶಕದಿಂದಲೂ, ಎತ್ತರದ ಪ್ರದೇಶಗಳಿಗೆ ಒಗ್ಗುವ ಚೀತಾ 1970ರ ದಶಕದಿಂದಲೂ ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಕಾರ್ಖಾನೆಯಲ್ಲಿ ತಯಾರಾದವು. ಸಿಯಾಚಿನ್ ಹಿಮನದಿಯಿಂದ ಗಾಯಾಳುಗಳನ್ನು ಕೆಳಗಿಳಿಸಿದ ಚೀತಾಗಳೂ, 1999ರ ಕಾರ್ಗಿಲ್ ಸಮರದಲ್ಲಿ ಫ್ಲೈಟ್ ಲೆಫ್ಟಿನೆಂಟರಾದ ಗುಂಜನ್ ಸಕ್ಸೇನಾ ಹಾಗೂ ಶ್ರೀವಿದ್ಯಾ ರಾಜನ್ ಹಾರಿಸಿದ ಚೀತಾಗಳೂ ಈ ವಂಶಕ್ಕೆ ಸೇರಿದವು. 1971ರ ಡಿಸೆಂಬರಿನಲ್ಲಿ ಮೇಘನಾ ನದಿಯ ಸೇತುವೆ ಮುರಿದಾಗ ಮಿ-4 ಹೆಲಿಕಾಪ್ಟರುಗಳು ರಾತ್ರಿಯಿಡೀ ಸೈನಿಕರನ್ನು ಆಚೆ ದಡಕ್ಕೆ ದಾಟಿಸಿದವು. ಅದು ರಕ್ಷಣೆಯ ಕಾರ್ಯವಲ್ಲ, ಆಕ್ರಮಣದ ಭಾಗ. ಆದರೂ ಹರಿಗೋಲಿನ ಹೋಲಿಕೆ ಇಲ್ಲಿಯೂ ತಪ್ಪದು.

ಕನ್ನಡ ನಾಡಿನವರೇ ಆದ ಕೊಡಗಿನ ಕೆ.ಸಿ. ಕಾರ್ಯಪ್ಪನವರ ವೃತ್ತಾಂತ ಈ ಸಂದರ್ಭದಲ್ಲಿ ಸ್ಮರಣೀಯ. ಸೇನೆಯ ಮೊದಲ ಭಾರತೀಯ ಮಹಾದಂಡನಾಯಕ ಕೆ.ಎಂ. ಕಾರ್ಯಪ್ಪನವರ ಪುತ್ರರಾದ ಇವರು 1965ರ ಸೆಪ್ಟೆಂಬರ್ 22ರಂದು ಹಂಟರ್ ಯುದ್ಧವಿಮಾನದಲ್ಲಿದ್ದಾಗ ಪಾಕಿಸ್ತಾನದ ನೆಲದಲ್ಲಿ ಬಿದ್ದು ಸೆರೆಯಾದರು. ಮಗನಿಗೆ ವಿಶೇಷ ಉಪಚಾರ ದೊರೆಯುವ ಸೂಚನೆ ಬಂದಾಗ, ಸೆರೆಯಲ್ಲಿರುವ ಎಲ್ಲ ಸೈನಿಕರೂ ತಮ್ಮ ಮಕ್ಕಳೇ ಎಂಬ ಅರ್ಥದ ಉತ್ತರವನ್ನು ತಂದೆ ಕೊಟ್ಟರೆಂಬ ಕಥೆ ಕೊಡಗಿನಲ್ಲಿ ಮಾತ್ರವಲ್ಲ, ನಾಡಿನ ಎಲ್ಲೆಡೆ ಜನಜನಿತವಾಗಿದೆ. ಜನಪದ ಅಧ್ಯಯನದ ದೃಷ್ಟಿಯಿಂದ ನೋಡಿದರೆ ಜನ ಆಯ್ದುಕೊಂಡದ್ದು ಈ ಒಂದು ಪ್ರಸಂಗವನ್ನು ಮಾತ್ರ. ಬಿಡುಗಡೆಯಾದ ಮೇಲೆ ಮಗ ಹೆಲಿಕಾಪ್ಟರ್ ಹಾರಿಸಲು ತೊಡಗಿ, 111ನೆಯ ಹೆಲಿಕಾಪ್ಟರ್ ಘಟಕದ ನಾಯಕತ್ವ ವಹಿಸಿ, ಏರ್ ಮಾರ್ಷಲ್ ಪದವಿಯವರೆಗೆ ಏರಿದರು. ಆ ಭಾಗವನ್ನು ಯಾರೂ ಕಥೆಯಾಗಿ ಹೇಳುವುದಿಲ್ಲ. ಆಕಾಶದಿಂದ ಒಮ್ಮೆ ಬಿದ್ದವನು ಬಿದ್ದವರನ್ನು ಎತ್ತಬಲ್ಲ ಯಂತ್ರಕ್ಕೆ ಬಂದದ್ದು ಕಥೆಗೆ ಒಳ್ಳೆಯ ವಸ್ತುವೇ ಆಗಿದ್ದರೂ, ತ್ಯಾಗದ ಮಾತಿನ ಮುಂದೆ ಅದು ಮಸುಕಾಯಿತು.

ಇಲ್ಲಿಯವರೆಗೆ ಪ್ರಸ್ತಾಪಿಸಿದ ರಕ್ಷಕರೆಲ್ಲರೂ ತಮ್ಮವರನ್ನು ಶತ್ರುವಿನಿಂದ ಕಾಪಾಡಿದವರು. ತಮ್ಮವರಿಂದಲೇ ಇತರರನ್ನು ಕಾಪಾಡುವವನ ಸ್ಥಾನ ಯಾವುದು? ಆಳಂದ, ಅಫಜಲಪುರ, ಜೇವರ್ಗಿಗಳಿಗೆ ಈ ಪ್ರಶ್ನೆ ದೂರದ್ದಲ್ಲ. 1948ರವರೆಗೆ ಈ ಮೂರೂ ತಾಲೂಕುಗಳು ಹೈದರಾಬಾದ್ ಸಂಸ್ಥಾನದ ಅಂಚಿನಲ್ಲಿದ್ದವು. ಆಳಂದದ ಆಚೆ ಅಕ್ಕಲಕೋಟೆಯ ಸೀಮೆ, ಜೇವರ್ಗಿಯ ಆಚೆ ಸಿಂದಗಿ. ಅಫಜಲಪುರಕ್ಕಂತೂ ಭೀಮೆಯೇ ಗಡಿ. ರಜಾಕಾರರ ಹಾವಳಿ ಹೆಚ್ಚಿದಾಗ ಗಡಿಭಾಗದ ಅನೇಕ ಕುಟುಂಬಗಳು ಮನೆಮಠ ಬಿಟ್ಟು ಮುಂಬೈ ಪ್ರಾಂತದ ಊರುಗಳಿಗೆ ಓಡಿದವು. ಅಫಜಲಪುರದ ಕಡೆಯವರು ವಿಜಾಪುರ ಜಿಲ್ಲೆಗೆ ಹೋಗಬೇಕಾದರೆ ಹೊಳೆ ದಾಟಲೇಬೇಕಿತ್ತು. ಗಡಿ ಶಿಬಿರಗಳ ನಾಯಕರ ಹೆಸರುಗಳು ವಿಮೋಚನಾ ಚಳವಳಿಯ ಗ್ರಂಥಗಳಲ್ಲಿ ದೊರೆಯುತ್ತವೆ. ದಾಟಿಸಿದ ಅಂಬಿಗರ ಹೆಸರುಗಳು ಆ ಗ್ರಂಥಗಳಲ್ಲಿ ವಿರಳ.

ಸೆಪ್ಟೆಂಬರ್ 13ರಂದು ಆರಂಭವಾದ ಸೈನಿಕ ಕಾರ್ಯಾಚರಣೆ 17ರಂದು ನಿಜಾಮರ ಶರಣಾಗತಿಯೊಂದಿಗೆ ಮುಗಿಯಿತು. ಕಲ್ಯಾಣ ಕರ್ನಾಟಕದ ಚರಿತ್ರೆಯಲ್ಲಿ ಅದು ವಿಮೋಚನೆಯ ದಿನ. ಅದರ ಸಂಭ್ರಮ ನ್ಯಾಯವಾದುದೇ. ಆದರೆ ಅನಂತರದ ವಾರಗಳಲ್ಲಿ ಈ ಭಾಗದ ಮುಸಲ್ಮಾನರ ಮೇಲೆ ನಡೆದ ಪ್ರತೀಕಾರದ ಹಿಂಸೆಯನ್ನು ಕುರಿತು ಪಂಡಿತ ಸುಂದರಲಾಲ್ ಅವರ ನೇತೃತ್ವದ ತಂಡ ಕೇಂದ್ರ ಸರ್ಕಾರಕ್ಕೆ ವರದಿ ಸಲ್ಲಿಸಿತು. ದಶಕಗಳ ಕಾಲ ಹೊರಬಾರದೆ ಉಳಿದ ಆ ವರದಿ ಇದೀಗ ಸಂಶೋಧಕರಿಗೆ ಲಭ್ಯವಿದೆ. ಅತಿ ಹೆಚ್ಚು ಹಾನಿಗೊಳಗಾದವೆಂದು ಅದು ಹೆಸರಿಸುವ ನಾಲ್ಕು ಜಿಲ್ಲೆಗಳಲ್ಲಿ ಗುಲಬರ್ಗಾವೂ ಒಂದು. ತಮ್ಮ ಜೀವವನ್ನು ಪಣಕ್ಕಿಟ್ಟು ನೆರೆಯ ಮುಸಲ್ಮಾನರನ್ನು ಕಾಪಾಡಿದ ಹಿಂದೂಗಳ ನಿದರ್ಶನಗಳನ್ನೂ ಅದು ದಾಖಲಿಸಿದೆ. ಇಂಥವರನ್ನು ಊರವರು ಯಾವ ಪಟ್ಟಿಕೆಯಲ್ಲಿ ಕೆತ್ತಬೇಕು? ಒಂದು ಕಡೆಯವರಿಗೆ ಇವರು ತಮ್ಮವರಲ್ಲ, ಇನ್ನೊಂದು ಕಡೆಯವರಿಗೆ ತಮ್ಮವರ ಮಾತು ಮೀರಿದವರು. ವೀರಗಲ್ಲನ್ನು ನಿಲ್ಲಿಸುವುದು ಊರು. ಊರಿಗೆ ಎದುರು ನಿಂತು ಕಾಪಾಡಿದವನಿಗೆ ಕಲ್ಲು ನಿಲ್ಲಿಸುವವರು ಯಾರು ಎಂಬ ತೊಡಕು ನಮ್ಮ ವೀರಕಲ್ಪನೆಯೊಳಗೇ ಇದೆ.

ಈ ತೊಡಕನ್ನು ಹೆಲಿಕಾಪ್ಟರ್ ಚಾಲಕನೊಬ್ಬನ ಜೀವನದಲ್ಲಿ ಅತ್ಯಂತ ಸ್ಪಷ್ಟವಾಗಿ ಕಾಣಬಹುದು. 1968ರ ಮಾರ್ಚ್ 16ರಂದು ವಿಯಟ್ನಾಮಿನ ಕ್ವಾಂಗ್ ಙೈ ಪ್ರಾಂತದ ಸೋನ್ ಮಿ ಗ್ರಾಮಕ್ಕೆ ಸೇರಿದ ಮಿ ಲೈ ಹಟ್ಟಿಯೊಳಗೆ ಅಮೆರಿಕದ ಚಾರ್ಲಿ ಕಂಪನಿ ನುಗ್ಗಿತು. ಎದುರಾಳಿ ಸೈನಿಕರು ಅಲ್ಲಿರಲಿಲ್ಲ; ಇದ್ದವರು ಮುದುಕರು, ಹೆಂಗಸರು, ಮಕ್ಕಳು. ಮೇಲೆ ಒಂದು ಸಣ್ಣ ಓಎಚ್-23 ಹೆಲಿಕಾಪ್ಟರಿನಲ್ಲಿ 24 ವಯಸ್ಸಿನ ವಾರಂಟ್ ಆಫೀಸರ್ ಹ್ಯೂ ಥಾಂಪ್ಸನ್, ಅವನ ಜೊತೆ ಗ್ಲೆನ್ ಆಂಡ್ರಿಯೊಟ್ಟಾ ಮತ್ತು ಲಾರೆನ್ಸ್ ಕೋಲ್ಬರ್ನ್ ಇದ್ದರು. ಶತ್ರು ಎಲ್ಲಿಂದ ಗುಂಡು ಹಾರಿಸುತ್ತಾನೆಂದು ಕಂಡುಹಿಡಿಯುವುದು ಅವರಿಗೆ ವಹಿಸಿದ ಕೆಲಸ. ಥಾಂಪ್ಸನ್ ಗಾಯಗೊಂಡ ಗ್ರಾಮಸ್ಥರಿದ್ದ ಕಡೆ ಹಸಿರು ಹೊಗೆಯ ಗುರುತು ಹಾಕಿದ, ವೈದ್ಯಕೀಯ ನೆರವು ಬರಲೆಂದು. ತಿರುಗಿ ಬಂದು ನೋಡಿದಾಗ ಅವರೆಲ್ಲ ಸತ್ತಿದ್ದರು. ಕಾಲುವೆಯೊಂದರಲ್ಲಿ ಹೆಣಗಳು ತುಂಬಿದ್ದವು. ಅಲ್ಲಿ ಇಳಿದು ಲೆಫ್ಟಿನೆಂಟ್ ವಿಲಿಯಂ ಕ್ಯಾಲಿಯೊಡನೆ ವಾದಿಸಿದ, ಪ್ರಯೋಜನವಾಗಲಿಲ್ಲ.

ಆಮೇಲೆ, ನೆಲಮಾಳಿಗೆಯೊಂದರಲ್ಲಿ ಅಡಗಿದ್ದ ಗ್ರಾಮಸ್ಥರ ಕಡೆಗೆ ಸೈನಿಕರು ಹೋಗುತ್ತಿರುವುದು ಕಂಡಿತು. ಥಾಂಪ್ಸನ್ ತನ್ನ ಹೆಲಿಕಾಪ್ಟರನ್ನು ಆ ಎರಡು ಗುಂಪುಗಳ ನಡುವೆ ಇಳಿಸಿದ. ತಮ್ಮ ಸೈನಿಕರು ಗ್ರಾಮಸ್ಥರ ಮೇಲೆ ಗುಂಡು ಹಾರಿಸಿದರೆ ಅವರ ಮೇಲೆಯೇ ಗುಂಡು ಹಾರಿಸಬೇಕೆಂದು ಜೊತೆಯವರಿಗೆ ಹೇಳಿ, ತಾನೊಬ್ಬನೇ ಮಾಳಿಗೆಯ ಬಾಯಿಗೆ ಹೋಗಿ, ಭಾಷೆ ಬಾರದ ಜನರನ್ನು ಕೈಸನ್ನೆಯಿಂದ ಹೊರಗೆ ಕರೆದ. ಅವನ ಯಂತ್ರದಲ್ಲಿ ಅವರಿಗೆ ಸ್ಥಳವಿರಲಿಲ್ಲ. ರೇಡಿಯೊ ಮೂಲಕ ಬೇಡಿಕೊಂಡು ದೊಡ್ಡ ಹೆಲಿಕಾಪ್ಟರನ್ನು ಕರೆಸಿ, ಎರಡು ಸರದಿಯಲ್ಲಿ ಸುಮಾರು ಹತ್ತು ಹನ್ನೆರಡು ಜನರನ್ನು ಸಾಗಿಸಿದ. ಹೊರಡುವ ಮುನ್ನ ಆಂಡ್ರಿಯೊಟ್ಟಾ ಕಾಲುವೆಗೆ ಇಳಿದು ಹೆಣಗಳ ನಡುವಿನಿಂದ ಜೀವಂತವಾಗಿದ್ದ ಒಂದು ಮಗುವನ್ನು ಎತ್ತಿ ತಂದ. ಅದನ್ನು ಕ್ವಾಂಗ್ ಙೈ ಆಸ್ಪತ್ರೆಗೆ ಮುಟ್ಟಿಸಿದರು. ನೆಲೆಗೆ ಮರಳಿ ಥಾಂಪ್ಸನ್ ಮಾಡಿದ ದೂರಿನ ಫಲವಾಗಿ ಕೊಲ್ಲುವುದನ್ನು ನಿಲ್ಲಿಸಲು ಆಜ್ಞೆ ಹೊರಟಿತು. ಅಷ್ಟರೊಳಗೆ ಸತ್ತವರು ಅಮೆರಿಕದ ಲೆಕ್ಕದಲ್ಲಿ 347, ಸೋನ್ ಮಿಯ ಸ್ಮಾರಕದಲ್ಲಿ ಬರೆದಿರುವ ಹೆಸರುಗಳು 504.

ಇದರ ಮುಂದಿನ ಕಥೆ ಮೂವತ್ತು ವರ್ಷಗಳದು. ಮೂರೇ ವಾರಗಳಲ್ಲಿ ಆಂಡ್ರಿಯೊಟ್ಟಾ ಯುದ್ಧದಲ್ಲಿ ಸತ್ತ. ಥಾಂಪ್ಸನ್‌ಗೆ ಒಂದು ಪದಕ ಬಂದಿತು. ಆದರೆ ಅದರ ಜೊತೆಗಿದ್ದ ಪ್ರಶಸ್ತಿಪತ್ರ, ಎರಡು ಕಡೆಯ ಗುಂಡುಗಳ ನಡುವಿನಿಂದ ಮಗುವನ್ನು ಉಳಿಸಿದನೆಂದು ಸುಳ್ಳು ಬರೆದಿತ್ತು. ಅವನು ಅದನ್ನು ಎಸೆದ. ಹತ್ಯಾಕಾಂಡ ಬಯಲಾದ ಮೇಲೆ ಸಾಕ್ಷಿ ಹೇಳಿದಾಗ, ಶಿಕ್ಷೆಯಾಗಬೇಕಾದದ್ದು ಇವನಿಗೇ ಎಂದು ಸಂಸತ್ತಿನ ಪ್ರಭಾವಿ ಸದಸ್ಯರೊಬ್ಬರು ಹೇಳಿದರು. ಕೊಲೆ ಬೆದರಿಕೆಗಳು ಬಂದವು. ಕ್ಯಾಲಿಗೆ 1971ರಲ್ಲಿ ಜೀವಾವಧಿ ಶಿಕ್ಷೆಯಾಗಿ, ಕೆಲವೇ ವರ್ಷಗಳ ಗೃಹಬಂಧನದಲ್ಲಿ ಮುಗಿಯಿತು. 1998ರ ಮಾರ್ಚ್ 6ರಂದು ಮಾತ್ರ ಮೂವರಿಗೂ ಸೋಲ್ಜರ್ಸ್ ಮೆಡಲ್ ದೊರೆಯಿತು. ಶತ್ರುವಿನೊಡನೆ ಹೋರಾಡುವಾಗ ತೋರಿದ ಶೌರ್ಯಕ್ಕೆ ಕೊಡುವ ಪದಕವಲ್ಲ ಅದು. ಸೈನ್ಯದ ನಿಯಮಗಳ ಪ್ರಕಾರ ಮಿ ಲೈಯಲ್ಲಿ ಅವರು ಎದುರಿಸಿದ್ದು ಶತ್ರುವನ್ನಲ್ಲ.

ವೀರಗಲ್ಲಿನ ಶಾಸನವನ್ನು ಓದಿ ಬಲ್ಲವರಿಗೆ ಈ ಪ್ರಶಸ್ತಿಪತ್ರದ ಸುಳ್ಳು ಸುಲಭವಾಗಿ ಅರ್ಥವಾಗುತ್ತದೆ. ಕೆಳಗಿನ ಪಟ್ಟಿಕೆಯಲ್ಲಿ ಎದುರಾಳಿ ಇರಲೇಬೇಕು. ಇಲ್ಲದಿದ್ದರೆ ಶಿಲ್ಪಕ್ಕೆ ರೂಪ ಬಾರದು. ಎದುರಾಳಿಯ ಜಾಗದಲ್ಲಿ ತಮ್ಮದೇ ಸೈನಿಕರನ್ನು ಕೆತ್ತಲು ಸೈನ್ಯ ಒಪ್ಪಲಿಲ್ಲ. ಗುಲಬರ್ಗಾ ಜಿಲ್ಲೆಯ 1948ರ ರಕ್ಷಕರು ಹಾಡಿನೊಳಗೆ ಬಾರದೆ ಉಳಿದುದಕ್ಕೂ ಕಾರಣ ಇದಕ್ಕಿಂತ ಬೇರೆಯಾಗಿರಲಾರದು ಎಂದು ಊಹಿಸಬಹುದು. ಅವರ ಕಥೆಗಳು ಮನೆತನಗಳ ಒಳಗೆ, ಇಬ್ಬರು ನೆರೆಯವರ ನಡುವಿನ ಋಣವಾಗಿ ಮಾತ್ರ ಉಳಿಯಬಲ್ಲವು. ಭೀಮಾತೀರದ ಮೌಖಿಕ ಪರಂಪರೆಯನ್ನು ಸಂಗ್ರಹಿಸುವವರು ಲಾವಣಿ, ಗೀಗೀಪದ, ಡೊಳ್ಳಿನ ಹಾಡುಗಳ ಜೊತೆಗೆ ಇಂಥ ಮನೆಮಾತುಗಳನ್ನೂ ಕೇಳಿ ಬರೆದುಕೊಳ್ಳಬೇಕಾದ ಕಾಲ ಮೀರುತ್ತಿದೆ. 1948ನ್ನು ಕಣ್ಣಾರೆ ಕಂಡವರು ಈಗ ಎಂಬತ್ತು ದಾಟಿದವರು.

1998ರಲ್ಲಿ, ಪದಕ ದೊರೆತ ಅದೇ ತಿಂಗಳು, ಥಾಂಪ್ಸನ್ ಮತ್ತು ಕೋಲ್ಬರ್ನ್ ಸೋನ್ ಮಿಗೆ ಹೋದರು. ಬದುಕಿ ಉಳಿದ ಹೆಂಗಸರು ಅವರನ್ನು ಕಂಡು ಮಾತನಾಡಿದರು. ಅವರಲ್ಲೊಬ್ಬಳು, ಅಂದು ಕೊಂದವರು ನಿಮ್ಮ ಜೊತೆ ಏಕೆ ಬರಲಿಲ್ಲ, ಬಂದಿದ್ದರೆ ಅವರನ್ನು ಕ್ಷಮಿಸುತ್ತಿದ್ದೆವಲ್ಲ ಎಂಬ ಅರ್ಥದ ಮಾತು ಕೇಳಿದಳು. ತನ್ನಿಂದ ಅಂಥ ಕ್ಷಮೆ ಸಾಧ್ಯವಿಲ್ಲವೆಂದು ಥಾಂಪ್ಸನ್ ಅನಂತರ ಹೇಳಿಕೊಂಡ. ಅವನು 2006ರ ಜನವರಿ 6ರಂದು ತೀರಿಕೊಂಡ.